ಎರಡರಿಂದ ಭಾಗಿಸಿದ ಜೀವ

ಹಳೆಯ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರ ನಡುವೆ ನಲವತ್ತು ವರ್ಷ ದಾಟಿದರೂ ಮುಗಿಯದ ಒಂದು ಸಣ್ಣ ಜಗಳವಿದೆ. ಎಲ್ಫ್ ಒಬ್ಬ ಏಕಕಾಲಕ್ಕೆ ಫೈಟರ್ ಕೂಡ ಹೌದು, ಮ್ಯಾಜಿಕ್-ಯೂಸರ್ ಕೂಡ ಹೌದು. ಅವನ ಹಿಟ್ ಪಾಯಿಂಟ್ ಎಷ್ಟು? ಅಂದರೆ, ಎಷ್ಟು ಏಟು ತಿಂದರೆ ಅವನು ಬೀಳುತ್ತಾನೆ? ಪ್ರಾಥಮಿಕ ಶಾಲೆಯ ಲೆಕ್ಕದಂತೆ ಕಾಣುವ ಈ ಪ್ರಶ್ನೆಗೆ ಮೇಜಿಗೊಂದು ಉತ್ತರ. ಎರಡು ವರ್ಗಗಳ ದಾಳವನ್ನೂ ಹಾಕಿ ಸರಾಸರಿ ತೆಗೆಯಬೇಕೆನ್ನುವ ನಿಯಮವನ್ನು ಗುಮಾಸ್ತಿಕೆಯ ಕಾಟವೆಂದು ಗೊಣಗುವವರೇ ಹೆಚ್ಚು. ನನಗಂತೂ ಒಬ್ಬನೇ ಎರಡು ಮೂರು ವರ್ಗಗಳನ್ನು ಹೊರುವ ಇಡೀ ಮಲ್ಟಿ-ಕ್ಲಾಸ್ ವ್ಯವಸ್ಥೆಯಲ್ಲಿ ನಿಜಕ್ಕೂ ಕೆಲಸ ಮಾಡುವ ನಿಯಮ ಇದೊಂದೇ ಎನಿಸುತ್ತದೆ. ದೋಷವಿರುವುದು ಅದನ್ನು ಬರೆದ ರೀತಿಯಲ್ಲಿ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಆಟದಲ್ಲಿ ಈ ತೊಡಕು ಇಷ್ಟು ಚುಚ್ಚುತ್ತಿರಲಿಲ್ಲ. ಎಲ್ಲರಿಗೂ ಆರು ಮುಖದ ದಾಳವೇ. ಒಂದೊಂದು ಸಾಹಸಕ್ಕೆ ಹೊರಡುವಾಗಲೂ ಎಲ್ಫ್ ತಾನು ಕತ್ತಿಯವನೋ ಮಂತ್ರದವನೋ ಎಂದು ಆರಿಸಿಕೊಳ್ಳುತ್ತಿದ್ದ. ಮರುವರ್ಷದ ಗ್ರೇಹಾಕ್ ಪುರವಣಿ ವರ್ಗಕ್ಕೊಂದು ದಾಳ ಹಂಚಿತು. ಗಂಟು ಬಿದ್ದದ್ದು ಅಲ್ಲಿಂದ. 1978ರ ಅಡ್ವಾನ್ಸ್ಡ್ ಆಟದ ಪ್ಲೇಯರ್ಸ್ ಹ್ಯಾಂಡ್‌ಬುಕ್ ಹೊತ್ತಿಗೆ ಲೆವೆಲ್ಲಿಗೊಂದರಂತೆ ಫೈಟರಿಗೆ ಹತ್ತು ಮುಖದ ದಾಳ, ಕ್ಲೆರಿಕ್‌ಗೆ ಎಂಟು, ಥೀಫ್‌ಗೆ ಆರು, ಮ್ಯಾಜಿಕ್-ಯೂಸರಿಗೆ ಬಡಪಾಯಿ ನಾಲ್ಕು. ಮನುಷ್ಯರಿಗೆ ಮಲ್ಟಿ-ಕ್ಲಾಸ್ ಇಲ್ಲ. ಎಲ್ಫ್, ಡ್ವಾರ್ಫ್ ಮುಂತಾದವರಿಗೆ ಉಂಟು. ಲೆವೆಲ್ ಏರಲು ಗಳಿಸಿದ ಅನುಭವದ ಅಂಕ ವರ್ಗಗಳಿಗೆ ಸಮನಾಗಿ ಹಂಚಿಹೋಗುತ್ತದೆ, ದಾಳದಿಂದ ಬಂದ ಹಿಟ್ ಪಾಯಿಂಟ್ ವರ್ಗಗಳ ಸಂಖ್ಯೆಯಿಂದ ಭಾಗವಾಗುತ್ತದೆ.

ಇಲ್ಲೇ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. ಅನುಭವವನ್ನು ಒಮ್ಮೆ ಅರ್ಧ ಮಾಡಿದ ಮೇಲೆ ಜೀವವನ್ನೂ ಯಾಕೆ ಅರ್ಧ ಮಾಡಬೇಕು? ಒಂದೇ ತಪ್ಪಿಗೆ ಎರಡು ದಂಡವಲ್ಲವೇ? ಲೆವೆಲ್ಲಿನ ಕೋಷ್ಟಕ ತೆರೆದು ನೋಡಿದರೆ ಮೊದಲನೆಯ ದಂಡ ಬರೀ ಹೆಸರಿಗೆ ಎಂದು ತಿಳಿಯುತ್ತದೆ. ಒಟ್ಟು 1,40,002 ಅಂಕ ಗಳಿಸಿದ ಎಲ್ಫನಿಗೆ ವರ್ಗಕ್ಕೆ 70,001 ಸಿಗುತ್ತದೆ. ಬೇಕಾದಷ್ಟು ತೋಳ್ಬಲವಿದ್ದರೆ ಅವನು ಏಳನೇ ಲೆವೆಲ್ಲಿನ ಫೈಟರ್, ಏಳನೇ ಲೆವೆಲ್ಲಿನ ಮ್ಯಾಜಿಕ್-ಯೂಸರ್. ಅಷ್ಟೇ ಅಂಕಕ್ಕೆ ಬರೀ ಫೈಟರ್ ಆದವನು ಎಂಟಕ್ಕೆ, ಬರೀ ಮಂತ್ರದವನು ಒಂಬತ್ತಕ್ಕೆ ನಿಂತಿರುತ್ತಾನೆ. ಪ್ರತಿ ಲೆವೆಲ್ಲಿಗೂ ಬೇಕಾದ ಅಂಕ ಹೆಚ್ಚುಕಡಿಮೆ ಇಮ್ಮಡಿಸುತ್ತ ಹೋಗುವುದರಿಂದ ಅರ್ಧ ಕಳೆದುಕೊಂಡವನು ಹಿಂದೆ ಬೀಳುವುದು ಒಂದೆರಡು ಮೆಟ್ಟಿಲು ಮಾತ್ರ. ಎರಡು ದೋಣಿಯ ಮೇಲೆ ಕಾಲಿಟ್ಟವನು ಮುಳುಗುವುದಿರಲಿ, ಎರಡರಲ್ಲೂ ಸುಖವಾಗಿ ಸಾಗುತ್ತಾನೆ. ಅವನಿಂದ ನಿಜವಾಗಿ ಬೆಲೆ ವಸೂಲಿ ಮಾಡುವುದು ಹಿಟ್ ಪಾಯಿಂಟಿನ ಭಾಗಾಕಾರ. ಕಾನ್‌ಸ್ಟಿಟ್ಯೂಷನ್, ಅಂದರೆ ದೇಹಬಲ, 16 ಇರುವ ಆ ಎಲ್ಫನ ಸರಾಸರಿ 42. ಅದೇ ದೇಹಬಲದ ಎಂಟನೇ ಲೆವೆಲ್ಲಿನ ಫೈಟರನದು 60.

ಜನ ಎಡವುವುದೂ ಈ ದೇಹಬಲದ ಹೆಚ್ಚುವರಿಯಲ್ಲೇ. 16 ಇದ್ದವನಿಗೆ ಪ್ರತಿ ದಾಳಕ್ಕೂ ಎರಡು ಅಂಕ ಸೇರುತ್ತದೆ. ಸೇರಿಸುವುದು ಭಾಗಿಸುವ ಮೊದಲೋ ಆಮೇಲೋ? ಮೊದಲು ಸೇರಿಸಿದರೆ ಏಳು-ಏಳರ ಎಲ್ಫನಿಗೆ ಹೆಚ್ಚುವರಿಯಾಗಿ 14 ಸಿಗುತ್ತದೆ. ಭಾಗಿಸಿಯಾದ ಮೇಲೆ ಪ್ರತಿ ಸಲವೂ ಪೂರ್ತಿ ಎರಡನ್ನು ಕೊಡುತ್ತ ಹೋದರೆ 28, ಒಟ್ಟು 56. ಏಳನೇ ಲೆವೆಲ್ಲಿನ ಅಪ್ಪಟ ಫೈಟರನ ಸರಾಸರಿ 52.5 ಎಂದಿರುವಾಗ, ಪುಸ್ತಕ ಓದುತ್ತ ಅರ್ಧ ಆಯುಷ್ಯ ಕಳೆದ ಎಲ್ಫ್ ಅವನಿಗಿಂತ ಗಟ್ಟಿಗನಾಗುತ್ತಾನೆ! ಗೈಗ್ಯಾಕ್ಸ್ ಇದನ್ನು ಒಂದು ಉದಾಹರಣೆ ಕೊಟ್ಟು ಮುಚ್ಚಿಬಿಡಬಹುದಿತ್ತು. ನಿಯಮವನ್ನು ಅಲ್ಲೊಂದು ಇಲ್ಲೊಂದು ವಾಕ್ಯದಲ್ಲಿ ಚೆಲ್ಲಿ, ಓದುಗ ಹೆಕ್ಕಿಕೊಳ್ಳಲಿ ಎಂದು ಬಿಡುವುದು ಅವರ ಶೈಲಿ. ಅದರ ಮೋಡಿಗೆ ಸೋತವರಲ್ಲಿ ನಾನೂ ಒಬ್ಬ, ಆದರೆ ಲೆಕ್ಕದ ವಿಷಯದಲ್ಲಿ ಮೋಡಿ ಬೇಡ. 1989ರ ಎರಡನೇ ಆವೃತ್ತಿ ಈ ಹೆಚ್ಚುವರಿಯೂ ವರ್ಗಗಳ ನಡುವೆ ಹಂಚಿಹೋಗಬೇಕೆಂದು ನೇರವಾಗಿ ಹೇಳಿತು.

ಭಿನ್ನರಾಶಿಯ ಜಗಳ ಇದರ ಮುಂದೆ ಚಿಲ್ಲರೆ. ಪ್ರತಿ ಸಲ ದಾಳ ಹಾಕಿದಾಗಲೂ ಎರಡರಿಂದ ಭಾಗಿಸಿ, ಉಳಿದ ಅರ್ಧವನ್ನು ಮೇಲಕ್ಕೆ ಏರಿಸುವವರ ಎಲ್ಫನಿಗೆ ಏಳು-ಏಳರಲ್ಲಿ ದೇಹಬಲ ಬಿಟ್ಟು ಸರಾಸರಿ 31.5, ಕೆಳಕ್ಕೆ ಇಳಿಸಿ ಕನಿಷ್ಠ ಒಂದನ್ನು ಕೊಡುವವರ ಎಲ್ಫನಿಗೆ ಸುಮಾರು 27. ಸರಿಯಾದದ್ದು 28. ಎರಡು ಪಕ್ಷಗಳ ನಡುವಿನ ಅಂತರ ಉದ್ದಕತ್ತಿಯ ಒಂದು ಸಾಧಾರಣ ಏಟಿನಷ್ಟು. ಬೇಸರ ತರುವುದು ಮೂರು ವರ್ಗದವನ ಪಾಡು. ಮಂತ್ರದವನ ನಾಲ್ಕು ಮುಖದ ದಾಳವನ್ನು ಮೂರರಿಂದ ಭಾಗಿಸಿ, ಕೆಳಕ್ಕೆ ಇಳಿಸಿ, ಕನಿಷ್ಠ ಒಂದು ಎಂದರೆ ಬೀಳುವುದು ಒಂದಾಗಲಿ ನಾಲ್ಕಾಗಲಿ ಕೈಗೆ ಬರುವುದು ಒಂದೇ. ಮತ್ತೆ ದಾಳ ಯಾಕೆ? ಎಸೆಯುವ ಕ್ಷಣದಲ್ಲಿ ಉಸಿರು ಬಿಗಿಹಿಡಿಯಲು ಕಾರಣವೇ ಇಲ್ಲದಿದ್ದರೆ ಅದು ಆಟವಲ್ಲ, ಶಾಸ್ತ್ರಕ್ಕೆ ಕೈ ಆಡಿಸಿದಂತೆ.

ಪರಿಹಾರ ಸರಳ. ಪಾತ್ರದ ಹಾಳೆಯಲ್ಲಿ ವರ್ಗಕ್ಕೊಂದು ಕಾಲಂ ಎಳೆಯಿರಿ. ಲೆವೆಲ್ ಏರಿದಾಗ ಆ ವರ್ಗದ ದಾಳ ಹಾಕಿ, ದೇಹಬಲದ್ದನ್ನು ಅಲ್ಲೇ ಕೂಡಿಸಿ, ಭಾಗಿಸದೆ ಬರೆದಿಡಿ. ಎಲ್ಲ ಕಾಲಂಗಳ ಮೊತ್ತವನ್ನು ಕೊನೆಗೆ ಒಂದೇ ಒಂದು ಸಲ ಭಾಗಿಸಿ. ದಾಳದ ಪ್ರತಿ ಅಂಕವೂ ಎಲ್ಲೋ ಒಂದು ಕಡೆ ಜಮೆಯಾಗಿರುತ್ತದೆ, ಇಂದು ಕಾಣದ ಮೂರನೆಯ ಒಂದು ಪಾಲು ಮುಂದಿನ ಲೆವೆಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ದೇಹಬಲವಿಲ್ಲದ ಮೂರು ವರ್ಗದವನು ಒಮ್ಮೊಮ್ಮೆ ಲೆವೆಲ್ ಏರಿಯೂ ಒಂದು ಅಂಕವೂ ದಕ್ಕದೆ ಮುಖ ಸಪ್ಪಗೆ ಮಾಡಿಕೊಳ್ಳಬೇಕಾದೀತು. ಮಾಡಿಕೊಳ್ಳಲಿ.

ಭಾಗಾಕಾರವೇ ಬೇಡ ಎನ್ನುವವರಿಗೆ 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಬೇಸಿಕ್ ಪುಸ್ತಕವಿದೆ. ಅಲ್ಲಿ ಎಲ್ಫ್ ಎಂಬುದೇ ಒಂದು ವರ್ಗ, ಅವನಿಗೆ ಆರು ಮುಖದ ದಾಳ. ಆ ಆಟದಲ್ಲಿ ಫೈಟರಿಗೆ ಎಂಟು, ಮಂತ್ರದವನಿಗೆ ನಾಲ್ಕು. ಅವುಗಳ ಸರಾಸರಿ 4.5 ಮತ್ತು 2.5. ಎರಡರ ನಡು 3.5, ಅದು ಆರು ಮುಖದ ದಾಳದ ಸರಾಸರಿಯೇ. ಆಟಗಾರ ಮಾಡಬೇಕಿದ್ದ ಭಾಗಾಕಾರ ದಾಳದೊಳಗೇ ಮುಗಿದುಹೋಗಿದೆ. ಇಷ್ಟು ಅಚ್ಚುಕಟ್ಟು ಅಡ್ವಾನ್ಸ್ಡ್ ಆಟದಲ್ಲಿ ಎಲ್ಲೂ ಸಿಗದು. ಆದರೆ ಅದು ಒಂದೇ ಜೋಡಿಗೆ ಹೊಲಿದ ಅಂಗಿ. ಫೈಟರ್-ಥೀಫ್ ಆಗಬಯಸುವ ಡ್ವಾರ್ಫನಿಗೆ ಅಲ್ಲಿ ಜಾಗವಿಲ್ಲ. 2000ದ ಮೂರನೇ ಆವೃತ್ತಿ ಇನ್ನೊಂದು ತುದಿಗೆ ಹೋಗಿ ಲೆವೆಲ್ಲುಗಳನ್ನು ಒಂದರ ಮೇಲೊಂದು ಕೂಡಿಸತೊಡಗಿತು. ಅದು ಬೇರೆಯದೇ ಆಟ.

ಅಡ್ವಾನ್ಸ್ಡ್ ಆಟದಲ್ಲಿ ಭಾಗಾಕಾರ ಕ್ರೂರವಾಗುವುದು ಕೊನೆಗಾಲದಲ್ಲಿ. ಎಲ್ಫ್ ಎಷ್ಟೇ ಬಲಶಾಲಿಯಾಗಿದ್ದರೂ ಫೈಟರ್ ಆಗಿ ಏಳಕ್ಕೆ ನಿಲ್ಲಬೇಕು, ನಿಂತ ಮೇಲೂ ಅರ್ಧ ಅನುಭವ ಆ ಸತ್ತ ಖಾತೆಗೇ ಹೋಗುತ್ತಿರುತ್ತದೆ. ಮಂತ್ರದಲ್ಲಿ ಹನ್ನೊಂದನ್ನು ಮುಟ್ಟಲು ಅವನು ಒಟ್ಟು 7,50,002 ಅಂಕ ಗಳಿಸಬೇಕು. ಆಗಲೂ ಅವನ ಸರಾಸರಿ 51, ಏಳನೇ ಲೆವೆಲ್ಲಿನ ಫೈಟರಿಗಿಂತ ಕಡಿಮೆ. ಅಷ್ಟೇ ಅಂಕದ ಅಪ್ಪಟ ಫೈಟರ್ ಹನ್ನೊಂದನೇ ಲೆವೆಲ್ಲಿನಲ್ಲಿ 73 ದಾಟಿರುತ್ತಾನೆ. ಇಲ್ಲಿ ಎರಡು ದಂಡದ ದೂರು ನಿಜವಾಗುತ್ತದೆ. ಆಟ ನಡೆಸುವ ಡಂಜನ್ ಮಾಸ್ಟರ್ ಕುರ್ಚಿಯಲ್ಲಿ ನಾನಿದ್ದರೆ, ಒಂದು ವರ್ಗ ಮಿತಿ ಮುಟ್ಟಿದ ದಿನದಿಂದ ಅನುಭವದ ಹಂಚಿಕೆಯನ್ನು ನಿಲ್ಲಿಸಿ ಪೂರ್ತಿ ಅಂಕವನ್ನು ಉಳಿದ ವರ್ಗಕ್ಕೆ ಕೊಡುತ್ತೇನೆ. ಹಿಟ್ ಪಾಯಿಂಟನ್ನು ಮಾತ್ರ ಮೊದಲಿನಂತೆ ಭಾಗಿಸುತ್ತಲೇ ಇರುತ್ತೇನೆ.