ಡಹೋಮಿ ದೊರೆಯ ಭಾಷಣ: ಒಂದು ಆಕರದ ವಿಮರ್ಶೆ

ಇಂದಿನ ಬೆನಿನ್ ಗಣರಾಜ್ಯದ ದಕ್ಷಿಣಭಾಗದಲ್ಲಿ, ಅಬೋಮೆಯನ್ನು ರಾಜಧಾನಿಯಾಗಿ ಮಾಡಿಕೊಂಡು ಬೆಳೆದ ಡಹೋಮಿ ರಾಜ್ಯದ ಚರಿತ್ರೆಯನ್ನು ಬರೆಯುವವರಾರೂ ಆರ್ಚಿಬಾಲ್ಡ್ ಡಾಲ್‌ಜೆಲ್ಲನ ‘ಡಹೋಮಿಯ ಇತಿಹಾಸ’ವನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. 1793ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಈ ಗ್ರಂಥದಲ್ಲಿ ದೊರೆಗಳ ಅನುಕ್ರಮವೂ ದಂಡಯಾತ್ರೆಗಳೂ ವಿವರವಾಗಿ ಬಂದಿವೆ. ಆದರೆ ಗ್ರಂಥಕರ್ತನು ಊಯಿಡಾ ಬಂದರಿನ ಇಂಗ್ಲಿಷ್ ಕೋಟೆಯ ಅಧಿಕಾರಿಯಾಗಿದ್ದವನು. ಸ್ವತಃ ಗುಲಾಮರ ವ್ಯಾಪಾರಿ. ಪುಸ್ತಕ ಹೊರಬಂದ ಕಾಲಕ್ಕೆ ಆ ವ್ಯಾಪಾರವನ್ನು ನಿಷೇಧಿಸಬೇಕೆಂಬ ವಾದ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ತೀವ್ರವಾಗಿ ನಡೆದಿತ್ತು.

ನಾವಿಲ್ಲಿ ಪರಿಶೀಲಿಸಹೊರಟಿರುವುದು ಆ ಗ್ರಂಥದಲ್ಲಿ ಕ್ಪೆಂಗ್ಲಾ ದೊರೆಯ (1774-1789) ಬಾಯಲ್ಲಿ ಬರುವ ಒಂದು ಭಾಷಣವನ್ನು. ನೀವು ದ್ವೀಪವಾಸಿಗಳು, ನಾವಾದರೋ ಬೇರೆ ಬೇರೆ ಭಾಷೆಯ ಜನರಿಂದ ಸುತ್ತುವರಿಯಲ್ಪಟ್ಟವರು. ಕತ್ತಿಯ ಬಲದಿಂದಲೇ ನಾವು ಬದುಕಬೇಕು. ನಿಮ್ಮ ಸರಕನ್ನು ಕೊಳ್ಳುವುದಕ್ಕಾಗಿ ಡಹೋಮಿಯವನಾರೂ ಯುದ್ಧಕ್ಕೆ ಹೋದುದಿಲ್ಲ ಎಂಬುದು ಅದರ ತಾತ್ಪರ್ಯ. ಗುಲಾಮರ ವ್ಯಾಪಾರಿಗಳಿಗೆ ಇದಕ್ಕಿಂತ ಅನುಕೂಲವಾದ ಸಾಕ್ಷ್ಯ ಮತ್ತೊಂದು ಬೇಕೆ!

ಹಾಗೆಂದು ಇದನ್ನು ಶುದ್ಧ ಕಟ್ಟುಕಥೆಯೆಂದು ತಳ್ಳಿಹಾಕುವುದು ನಮಗೆ ಒಪ್ಪಿಗೆಯಿಲ್ಲ. ಡಾಲ್‌ಜೆಲ್ಲನಿಗೆ ವಿಷಯ ಒದಗಿಸಿದ ಲಯನಲ್ ಆಬ್ಸನ್ ಊಯಿಡಾದಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕು ನೆಲಸಿದ್ದವನು, ಆ ನಾಡಿನ ಭಾಷೆ ಬಲ್ಲವನು. ತಾನು ವರ್ತಕನಲ್ಲ, ವೀರನೆಂಬ ಹೆಮ್ಮೆ ಆ ಮನೆತನಕ್ಕೆ ಸಹಜವಾಗಿಯೇ ಇತ್ತು. ದೊರೆಯ ಬಿರುದನ್ನು ವ್ಯಾಪಾರಿಯು ತನ್ನ ವಕಾಲತ್ತಿಗೆ ಬಳಸಿಕೊಂಡನೆಂದು ಹೇಳುವುದೇ ಹೆಚ್ಚು ಸಮಂಜಸ.

ಭಾಷಣಕ್ಕೆ ನಿಜವಾದ ಪ್ರತಿವಾದಿ ಆ ಗ್ರಂಥವೇ. ಕ್ಪೆಂಗ್ಲಾನ ಸೇನೆ 1784ರಲ್ಲಿ ಬಡಗ್ರಿಯನ್ನು ನಾಶಮಾಡಿತು. ಅದು ಊಯಿಡಾಕ್ಕೆ ಬರಬೇಕಾದ ಹಡಗುಗಳನ್ನು ಸೆಳೆಯುತ್ತಿದ್ದ ಕರಾವಳಿಯ ಪಟ್ಟಣ. ಗಡಿಯ ರಕ್ಷಣೆಯೊಂದೇ ಗುರಿಯಾಗಿದ್ದರೆ ಸೇನೆ ಎದುರಾಳಿ ಬಂದರಿನತ್ತ ಏಕೆ ನಡೆಯಬೇಕಿತ್ತು? ಅದಕ್ಕೂ ಮೊದಲು ಅಗಾಜ ದೊರೆ 1724ರಲ್ಲಿ ಅಲ್ಲಾಡವನ್ನೂ 1727ರಲ್ಲಿ ಊಯಿಡಾವನ್ನೂ ಗೆದ್ದುದು ಇದೇ ದಾರಿಯಲ್ಲಿ.

ನೈಜೀರಿಯಾದ ಇತಿಹಾಸಕಾರ ಅಕಿಂಜೋಗ್‌ಬಿನ್ 1967ರ ತಮ್ಮ ಗ್ರಂಥದಲ್ಲಿ, ಅಗಾಜನು ಕರಾವಳಿಯನ್ನು ಗೆದ್ದುದು ಗುಲಾಮರ ವ್ಯಾಪಾರವನ್ನು ತಡೆಯಲೆಂದೇ ಎಂದು ವಾದಿಸಿದರು. ವಸಾಹತು ಬರಹಗಾರರ ತಿರಸ್ಕಾರಕ್ಕೆ ಇದು ಘನವಾದ ಉತ್ತರವೇನೋ ಹೌದು. ಆದರೆ ಗೆಲುವಿನ ನಂತರ ಊಯಿಡಾದ ವ್ಯಾಪಾರ ನಿಲ್ಲಲಿಲ್ಲ. ದೊರೆಯ ಹಿಡಿತಕ್ಕೆ ಬಂದಿತು. ಒಂದೆಡೆ ಕ್ರೌರ್ಯದ ಮೂರ್ತಿ, ಮತ್ತೊಂದೆಡೆ ಉದ್ಧಾರಕ: ಈ ಎರಡು ಚಿತ್ರಗಳಲ್ಲಿಯೂ ರಾಜ್ಯದ ಇಕ್ಕಟ್ಟು ಕಾಣೆಯಾಗುತ್ತದೆ. ಈಶಾನ್ಯದಲ್ಲಿ ಒಯೋ ಸಾಮ್ರಾಜ್ಯದ ಅಶ್ವದಳ. 1748ರಿಂದ ತಪ್ಪದೆ ಸಲ್ಲಿಸಬೇಕಾದ ಕಪ್ಪ. ಬಂದೂಕು ಮದ್ದುಗಳು ಬರುತ್ತಿದ್ದುದು ಕಡಲಿನಿಂದ. ನಾಣ್ಯವಾಗಿ ಸಲ್ಲುತ್ತಿದ್ದ ಕವಡೆಯೂ (ನಮ್ಮ ನೆರೆಯ ಮಾಲ್ಡೀವ್ಸ್ ದ್ವೀಪಗಳದು) ಅಲ್ಲಿಂದಲೇ. ಹಡಗಿನವರು ಇವಕ್ಕೆ ಪ್ರತಿಯಾಗಿ ಮುಖ್ಯವಾಗಿ ಕೇಳುತ್ತಿದ್ದುದು ಮನುಷ್ಯರನ್ನು.

ಬೆನಿನ್ ಕೊಲ್ಲಿಯ ತೀರದಿಂದ ಹಡಗೇರಿಸಲ್ಪಟ್ಟವರು ಸುಮಾರು 20 ಲಕ್ಷ ಜನ. ಡಾಲ್‌ಜೆಲ್ಲನ ಗ್ರಂಥದಲ್ಲಿ ದೊರೆಗೆ ದೀರ್ಘ ಭಾಷಣವಿದೆ, ಸೆರೆಯಾದವರಿಗೆ ಮಾತಿಲ್ಲ. ಆ ಮಾತಿಗಾಗಿ ನಮ್ಮ ವಿದ್ಯಾರ್ಥಿಗಳು ಓದಬೇಕಾದದ್ದು ಕೊಸ್ಸೋಲನ ಹೇಳಿಕೆಯನ್ನು. ಗ್ಲೆಲೆ ದೊರೆಯ ಸೇನೆಗೆ ಸೆರೆಸಿಕ್ಕಿ, 1860ರಲ್ಲಿ ಊಯಿಡಾದಿಂದ ಅಮೆರಿಕದ ಅಲಬಾಮಾಕ್ಕೆ ಸಾಗಿಸಲ್ಪಟ್ಟ ಆತನನ್ನು 1927ರಲ್ಲಿ ಲೇಖಕಿ ಜೋರಾ ನೀಲ್ ಹರ್ಸ್ಟನ್ ಕಂಡು ಮಾತನಾಡಿಸಿದರು. ಬೆಳಗಿನ ಜಾವ ತನ್ನ ಊರಿನ ಮೇಲೆ ಬಂದೆರಗಿದ ಡಹೋಮಿ ಸೈನ್ಯವನ್ನು ಆತ ಅಲ್ಲಿ ವರ್ಣಿಸಿದ್ದಾನೆ. ಆ ಹೇಳಿಕೆ ಗ್ರಂಥರೂಪದಲ್ಲಿ ಅಚ್ಚಾದುದು 2018ರಲ್ಲಿ.