ವಾಲ್ಡನ್: ಬಟ್ಟೆ ಒಗೆಸಿದ ಬಾಕಿ

ಫೋನನ್ನು ಬೀರುವಿನಲ್ಲಿಟ್ಟು ನಾಲ್ಕು ದಿನ ಎಲ್ಲಾದರೂ ಹೋಗಿಬಿಡಬೇಕು ಎನ್ನುವವರ ಬಾಯಿಗೆ ಈಗ ಹೆನ್ರಿ ಡೇವಿಡ್ ಥೋರೋನ ಹೆಸರು ತಾನಾಗಿಯೇ ಬರುತ್ತದೆ. ಮಲೆನಾಡಿನ ಹೋಮ್‌ಸ್ಟೇಗಳು ನೆಟ್‌ವರ್ಕ್ ಸಿಗದಿರುವುದನ್ನೇ ಒಂದು ಸೌಕರ್ಯವೆಂದು ಮಾರುತ್ತವೆ. ಕೆಲಸ ಬಿಡಲೋ, ಊರು ಬಿಡಲೋ, ಹಿಡಿದ ದಾರಿಯೇ ತಪ್ಪಾಯಿತೋ ಎಂದು ಒಳಗೊಳಗೇ ಬೇಯುವವರಿಗೆ ಆತನ ‘ವಾಲ್ಡನ್’ ಪಾರಾಯಣ ಗ್ರಂಥವಾಗಿದೆ. 2017ರಲ್ಲಿ ಅಮೆರಿಕದಲ್ಲಿ ಅದು ವಿಡಿಯೋ ಗೇಮ್ ಕೂಡ ಆಯಿತು. ಪರದೆಯ ಮುಂದೆ ಗಂಟೆಗಟ್ಟಲೆ ಕುಳಿತು ಸರಳ ಬದುಕನ್ನು ಅಭ್ಯಾಸ ಮಾಡಬಹುದು.

ಯಂತ್ರಗಳಿಗೆ ಬೆನ್ನು ತಿರುಗಿಸಿ, ತನ್ನ ಆಯ್ಕೆಯ ಬಗ್ಗೆ ಎಳ್ಳಷ್ಟೂ ಅನುಮಾನವಿಲ್ಲದೆ ಬದುಕಿದವನ ಕೈಪಿಡಿ ಎಂಬುದು ಈ ಪುಸ್ತಕಕ್ಕೆ ಬಂದಿರುವ ಹೆಸರು. ಈ ಹೆಸರಿನ ಎರಡು ಭಾಗವೂ ಸುಳ್ಳು. ಇದಕ್ಕೆ ಎದುರಾಗಿ ಥೋರೋನನ್ನು ಕಪಟಿ ಎಂದು ಬೈಯುತ್ತ ಬಂದ ವಿಮರ್ಶಕರದೂ ಅಷ್ಟೇ ಸೋಮಾರಿ ಓದು. ಆತ ಪುಸ್ತಕದಲ್ಲಿ ಗಟ್ಟಿಯಾಗಿ ಕೂಗಿದ್ದನ್ನು ಭಕ್ತರೂ ಕೇಳಿದರು, ನಿಂದಕರೂ ಕೇಳಿದರು. ವಾಕ್ಯದ ಬಾಲದಲ್ಲಿ ತಗ್ಗಿದ ದನಿಯಲ್ಲಿ ಸೇರಿಸಿದ್ದು ಮಾತ್ರ ಇಬ್ಬರ ಕಿವಿಗೂ ಬೀಳಲಿಲ್ಲ. ಪುಸ್ತಕದ ಜೀವ ಇರುವುದು ಅಲ್ಲಿ.

ಕಥೆ ಗೊತ್ತಿರುವಂಥದ್ದೇ. ಅಮೆರಿಕದ ಕಾಂಕರ್ಡ್ ಊರಾಚೆಯ ವಾಲ್ಡನ್ ಕೊಳ, ಸ್ನೇಹಿತ ಎಮರ್ಸನ್‌ನ ಜಾಗ, 1845ರ ಜುಲೈ 4ರಿಂದ 1847ರ ಸೆಪ್ಟೆಂಬರ್ 6ರವರೆಗಿನ ಒಂಟಿ ವಾಸ, ನಡುವೆ ಒಂದು ರಾತ್ರಿಯ ಜೈಲು, ಆ ಜೈಲಿನಿಂದ ಹುಟ್ಟಿ ಗಾಂಧಿಯವರೆಗೂ ಬಂದ ಪ್ರಬಂಧ. ಅದನ್ನೆಲ್ಲ ಮತ್ತೆ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ರೈಲಿನ ವಿಷಯ.

ಥೋರೋ ಗುಡಿಸಲು ಕಟ್ಟುವ ಹಿಂದಿನ ವರ್ಷ, 1844ರಲ್ಲಿ, ಫಿಚ್‌ಬರ್ಗ್ ರೈಲು ಆ ಕೊಳದ ಅಂಚಿಗೆ ಬಂದಿತ್ತು. ಗುಡಿಸಲಿನಿಂದ ಹಳಿಗೆ ಸುಮಾರು ಅರ್ಧ ಕಿಲೋಮೀಟರು. ಊರಿಗೆ ಹೋಗುವಾಗ ಆತ ಸಾಮಾನ್ಯವಾಗಿ ಹಿಡಿಯುತ್ತಿದ್ದದ್ದು ಹಳಿಯ ಏರಿಯ ದಾರಿಯನ್ನೇ. ಗುಡಿಸಲಿನ ಹಲಗೆಗಳು ಬಂದದ್ದಾದರೂ ಎಲ್ಲಿಂದ? ಆ ರೈಲು ಮಾರ್ಗದಲ್ಲಿ ದುಡಿಯುತ್ತಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಯ ಜೋಪಡಿಯಿಂದ. 4 ಡಾಲರ್ 25 ಸೆಂಟ್ ಕೊಟ್ಟು ಥೋರೋ ಅದನ್ನು ಕೊಂಡ, ಮರುದಿನ ನಸುಕಿನಲ್ಲೇ ಸಂಸಾರ ಜಾಗ ಖಾಲಿ ಮಾಡಬೇಕೆಂದು ಮಾತಾಯಿತು. ಬೆಳಿಗ್ಗೆ ದಾರಿಯಲ್ಲಿ ಆ ಸಂಸಾರ ಎದುರಾಗುತ್ತದೆ: ಒಂದೇ ಗಂಟಿನಲ್ಲಿ ಹಾಸಿಗೆ, ಕಾಫಿ ಬೀಸುವ ಯಂತ್ರ, ಕನ್ನಡಿ, ಕೋಳಿಗಳು. ಥೋರೋ ಇದನ್ನು ಬರೆದ, ಬರೆದು ಮುಂದೆ ಹೋದ. ರೈಲು ಕಟ್ಟಿದವನ ಸೂರು ಬಿಚ್ಚಿ ರೈಲಿನ ಟೀಕಾಕಾರನ ಸೂರು ಎದ್ದಿತು ಎಂಬ ತೀರ್ಮಾನವನ್ನು ಆತ ಬರೆಯಲಿಲ್ಲ. ಆದರೆ ಅದಕ್ಕೆ ಬೇಕಾದ ಸಾಕ್ಷಿಯನ್ನೆಲ್ಲ, ಬೆಲೆಯ ಸಮೇತ, ತಾನೇ ಒದಗಿಸಿಟ್ಟ.

ಆ ವಾಸದ ನಡುವೆಯೇ, 1846ರ ಆಗಸ್ಟ್ ಕೊನೆಯಲ್ಲಿ, ಥೋರೋ ಮೇಯ್ನ್ ಕಾಡಿಗೆ ಹೊರಟದ್ದು ರೈಲು ಮತ್ತು ಹಬೆ ಹಡಗಿನಲ್ಲಿ. ಕೈಗೆ ಒಂದಿಷ್ಟು ಕಾಸು ಬರುತ್ತಿದ್ದದ್ದು ಭೂಮಿ ಅಳೆಯುವ ಕೆಲಸದಿಂದ, ಮನೆಯ ಪೆನ್ಸಿಲ್ ಕಾರ್ಖಾನೆಯಿಂದ. ಗ್ರಾಫೈಟನ್ನು ನುಣ್ಣಗೆ ಅರೆಯುವ ಯಂತ್ರವನ್ನು ಸುಧಾರಿಸಿ, ಅಮೆರಿಕದ ಒಳ್ಳೆಯ ಪೆನ್ಸಿಲ್ಲುಗಳಲ್ಲಿ ಒಂದನ್ನು ತಯಾರಿಸಿದ ಎಂಜಿನಿಯರು ಆತ. ಪೆನ್ಸಿಲ್ಲಿನ ಚರಿತ್ರೆ ಬರೆದ ಹೆನ್ರಿ ಪೆಟ್ರೋಸ್ಕಿ ಒಂದು ಸಂಗತಿಯನ್ನು ಎತ್ತಿ ತೋರಿಸಿದ್ದಾರೆ: ಮೇಯ್ನ್ ಕಾಡಿಗೆ ಹೋಗುವವರು ಒಯ್ಯಬೇಕಾದ ಸಾಮಾನುಗಳ ಉದ್ದನೆಯ ಪಟ್ಟಿ ಕೊಟ್ಟ ಥೋರೋ, ಸದಾ ಜೇಬಿನಲ್ಲಿರುತ್ತಿದ್ದ ಪೆನ್ಸಿಲ್ಲನ್ನು ಅದರಲ್ಲಿ ಸೇರಿಸಲು ಮರೆತಿದ್ದ. ತೀರಾ ಹತ್ತಿರದ ಯಂತ್ರ ಕಣ್ಣಿಗೆ ಬೀಳುವುದಿಲ್ಲ.

ಹಾಗಿದ್ದೂ ರೈಲಿನ ಬಗ್ಗೆ ಆತ ಮಾಡಿದ ಲೆಕ್ಕ ಕಾಂಕರ್ಡ್ ದಾಟಿ ನಮ್ಮವರೆಗೆ ಬರುತ್ತದೆ. ಫಿಚ್‌ಬರ್ಗ್‌ಗೆ ಮೂವತ್ತು ಮೈಲಿ, ಟಿಕೆಟ್ಟಿಗೆ ತೊಂಬತ್ತು ಸೆಂಟ್, ಅಂದರೆ ಹೆಚ್ಚುಕಡಿಮೆ ಒಂದು ದಿನದ ಕೂಲಿ. ನಾನು ಈಗಲೇ ನಡೆಯಲು ಶುರುಮಾಡಿದರೆ ರಾತ್ರಿಯೊಳಗೆ ತಲುಪುತ್ತೇನೆ. ನೀನು ಮೊದಲು ಟಿಕೆಟ್ಟಿನ ದುಡ್ಡು ದುಡಿದು, ನಾಳೆಯೋ, ಅದೃಷ್ಟವಿದ್ದರೆ ಈ ಸಂಜೆಯೋ ತಲುಪುತ್ತೀಯೆ ಎಂಬುದು ಆತನ ವಾದ. ಇದೇ ಹಳಿ ಹಾಕಿದವರಿಗೆ ದಿನಕ್ಕೆ ಅರವತ್ತು ಸೆಂಟ್ ಕೂಲಿ ಇತ್ತು ಎಂದು ನೆನಪಿಸುವುದನ್ನೂ ಆತ ಬಿಡುವುದಿಲ್ಲ. ತಾನೇ ಕಟ್ಟಿದ ರೈಲು ಹತ್ತಲು ಆ ಕೂಲಿ ಒಂದೂವರೆ ದಿನ ದುಡಿಯಬೇಕು. 1974ರಲ್ಲಿ ಚಿಂತಕ ಇವಾನ್ ಇಲಿಚ್ ಇದೇ ಲೆಕ್ಕವನ್ನು ಕಾರಿಗೆ ಹಾಕಿದರು: ಕಾರಿಗಾಗಿ ದುಡಿಯುವ, ಕಾರಿನಲ್ಲಿ ಕೂರುವ ಹೊತ್ತನ್ನೆಲ್ಲ ಕೂಡಿಸಿದರೆ ಅಮೆರಿಕದವನು ವರ್ಷಕ್ಕೆ 1600 ಗಂಟೆ ತೆತ್ತು 7500 ಮೈಲಿ ಹೋಗುತ್ತಾನೆ, ಗಂಟೆಗೆ ಐದು ಮೈಲಿಯೂ ಬೀಳುವುದಿಲ್ಲ. ಫೋನಿನ ನಿಜವಾದ ಬೆಲೆ ಅಂಗಡಿಯ ಬಿಲ್ಲಿನಲ್ಲೂ ಇಲ್ಲ, ತಿಂಗಳ ರೀಚಾರ್ಜಿನಲ್ಲೂ ಇಲ್ಲ ಎಂದು ಯಾರಾದರೂ ಹೇಳಿದರೆ ಅದಕ್ಕೆ ಮೂಲ ಈ ಪುಟ.

ಆದರೆ ಲೆಕ್ಕವನ್ನು ಒಂದೊಂದೇ ಸಾಲಾಗಿ ತಾಳೆ ನೋಡಿ. ಮೂವತ್ತು ಮೈಲಿ ನಡೆದವನ ಬೂಟಿನ ಸವೆತ ಇದರಲ್ಲಿಲ್ಲ. ಜೈಲಿಗೆ ಹೋದ ದಿನ ಥೋರೋ ಊರಿಗೆ ಬಂದದ್ದೇ ರಿಪೇರಿಗೆ ಕೊಟ್ಟ ಬೂಟು ತರಲು ಎಂಬುದನ್ನು ಆತನೇ ಬರೆದಿದ್ದಾನೆ. ನಡೆಯುವವನ ದಿನಕ್ಕೆ ಬೆಲೆಯಿಲ್ಲ, ಏಕೆಂದರೆ ಆ ದಿನದ ಕೂಲಿಯನ್ನು ಮನೆಯಲ್ಲಿ ಯಾರೂ ಕಾಯುತ್ತಿಲ್ಲ. ಫಿಚ್‌ಬರ್ಗ್‌ನಲ್ಲಿ ಹೆರಿಗೆಗೆ ಹೋದ ಮಗಳಿಲ್ಲ, ಹಾಸಿಗೆ ಹಿಡಿದ ಅಪ್ಪನಿಲ್ಲ. ಊರು ನೋಡಲು ಹೊರಟ ಒಂಟಿ ಮನುಷ್ಯನಿಗೆ ಮಾತ್ರ ಸರಿಹೊಂದುವ ಗಣಿತ ಇದು. ನೂರೆಪ್ಪತ್ತು ವರ್ಷಗಳಿಂದ ಇದನ್ನು ಮನುಕುಲಕ್ಕೇ ಅನ್ವಯಿಸುವ ಸೂತ್ರವೆಂಬಂತೆ ಉದ್ಧರಿಸುತ್ತಿದ್ದೇವೆ.

ಇಲ್ಲಿಂದ ಜಮಾಖರ್ಚಿಗೆ ಬರೋಣ. ಮೊದಲ ಅಧ್ಯಾಯದಲ್ಲಿ ಥೋರೋ ಪೂರ್ತಿ ಲೆಕ್ಕ ಬಿಚ್ಚಿಡುತ್ತಾನೆ. ಮನೆಗೆ 28 ಡಾಲರ್ ಹನ್ನೆರಡೂವರೆ ಸೆಂಟ್. ಒಂದು ವರ್ಷದ ಬೇಸಾಯಕ್ಕೆ 14 ಡಾಲರ್ ಎಪ್ಪತ್ತೆರಡೂವರೆ ಸೆಂಟ್. ಎಂಟು ತಿಂಗಳ ಊಟಕ್ಕೆ 8 ಡಾಲರ್ 74 ಸೆಂಟ್. ಬಟ್ಟೆಬರೆಗೆ 8 ಡಾಲರ್ ನಲವತ್ತೂಮುಕ್ಕಾಲು ಸೆಂಟ್. ಮುಕ್ಕಾಲು ಸೆಂಟನ್ನೂ ಬಿಡದ ಈ ಕರಾರುವಾಕ್ಕಿನಲ್ಲಿ ಸ್ವಲ್ಪ ಗೇಲಿ ಇದೆ. ಕಾಂಕರ್ಡ್‌ನ ವ್ಯಾಪಾರಿಗಳ ಭಾಷೆಯಲ್ಲೇ ಅವರಿಗೆ ಉತ್ತರ ಕೊಡುವ ಹುಮ್ಮಸ್ಸೂ ಇದೆ. ಅಷ್ಟರ ನಡುವೆ ಒಂದು ಸಣ್ಣ ವಿನಾಯಿತಿ ಬರುತ್ತದೆ. ಒಗೆತ ಮತ್ತು ಹೊಲಿಗೆ ರಿಪೇರಿಯನ್ನು ಇದರಲ್ಲಿ ಸೇರಿಸಿಲ್ಲ, ಅವು ಬಹುಪಾಲು ಹೊರಗಡೆ ಆದವು, ಅವುಗಳ ಬಿಲ್ಲು ಇನ್ನೂ ಕೈಸೇರಿಲ್ಲ ಎನ್ನುತ್ತಾನೆ. ಪುಸ್ತಕ ಅಚ್ಚಾಗುವ ಹೊತ್ತಿಗೆ ಕೊಳ ಬಿಟ್ಟು ಏಳು ವರ್ಷವಾಗಿತ್ತು. ಏಳು ವರ್ಷ ಬಾರದ ಬಿಲ್ಲು ಇನ್ನು ಬರುವುದಿಲ್ಲವೆಂದು ಆತನಿಗೂ ಗೊತ್ತು, ಓದುವವರಿಗೂ ಗೊತ್ತು. ಒಗೆದವರು ಮನೆಯವರೇ ಇರಬೇಕು.

ಈ ಸಾಲನ್ನು ತಮಾಷೆಯೆಂದು ದಾಟಿಬಿಡುವುದು ಸುಲಭ. ನನಗೆ ಹಾಗೆನಿಸುವುದಿಲ್ಲ. ಮುಚ್ಚಿಡಬೇಕೆಂದಿದ್ದರೆ ಆ ಬಾಬತ್ತನ್ನೇ ಕೈಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆತ ಅದನ್ನು ಹೆಸರಿಸಿದ. ಶೂನ್ಯ ಎಂದೂ ಬರೆಯಲಿಲ್ಲ, ಬಾಕಿ ಎಂದು ಬರೆದ. ಜಮಾಖರ್ಚು ಬರೆದು ಬಲ್ಲವರಿಗೆ ಈ ಎರಡರ ನಡುವಿನ ಅಂತರ ಗೊತ್ತು: ಶೂನ್ಯವೆಂದರೆ ಋಣವಿಲ್ಲ, ಬಾಕಿಯೆಂದರೆ ಋಣವಿದೆ, ತೀರಿಸಿಲ್ಲ. ಸುತ್ತಲೂ ಮುಕ್ಕಾಲು ಸೆಂಟಿನ ನಿಖರತೆ ಇರುವುದರಿಂದಲೇ ಈ ಖಾಲಿ ಜಾಗ ಎದ್ದು ಕಾಣುತ್ತದೆ. ತನ್ನ ಸ್ವಾವಲಂಬನೆಯ ಬಗ್ಗೆ ಅನುಮಾನ ಹುಟ್ಟಿದವನು ಮಾತ್ರ ಹೀಗೆ ಬರೆಯುತ್ತಾನೆ.

ಇದನ್ನು ಓದದೆ ನಡೆದಿರುವ ಜಗಳಕ್ಕೆ ಒಂದೂವರೆ ಶತಮಾನದ ಇತಿಹಾಸ. ಥೋರೋ ತೀರಿಕೊಂಡ ಮೂರು ವರ್ಷಕ್ಕೆ, 1865ರಲ್ಲಿ, ವಿಮರ್ಶಕ ಜೇಮ್ಸ್ ರಸೆಲ್ ಲೋವೆಲ್ ಒಂದು ದೋಷಾರೋಪ ಪಟ್ಟಿಯನ್ನೇ ತಯಾರಿಸಿದ: ಜಾಗ ಇನ್ನೊಬ್ಬರದು, ಕೊಡಲಿ ಸಾಲದ್ದು, ಹಲಗೆ, ಮೊಳೆ, ಇಟ್ಟಿಗೆ, ದೀಪ ಎಲ್ಲವೂ ನಾಗರಿಕತೆಯ ಕೊಡುಗೆ, ಎಲ್ಲವೂ ಆತನ ವಿರುದ್ಧವೇ ಸಾಕ್ಷಿ ಹೇಳುತ್ತವೆ ಎಂದ. 1880ರಲ್ಲಿ ಆರ್. ಎಲ್. ಸ್ಟೀವನ್‌ಸನ್ ಬದುಕಿನಿಂದ ನುಣುಚಿಕೊಂಡವನೆಂದು ಮೂದಲಿಸಿದ. 2015ರಲ್ಲಿ ಕ್ಯಾಥರಿನ್ ಶುಲ್ಜ್ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಆತನನ್ನು ಸ್ವಾರ್ಥಿ, ಕಪಟಿ ಎಂದು ಜಾಲಾಡಿದರು. ಅಮ್ಮನ ಕೈಯಲ್ಲಿ ಬಟ್ಟೆ ಒಗೆಸಿಕೊಂಡವನೆಂಬ ಮಾತು ಈಗ ಎಷ್ಟು ಸವಕಲಾಗಿದೆಯೆಂದರೆ, ರೆಬೆಕಾ ಸೊಲ್ನಿಟ್ ಆ ಬಟ್ಟೆಯ ಮೇಲೆಯೇ 2013ರಲ್ಲಿ ಒಂದು ಪ್ರಬಂಧ ಬರೆಯಬೇಕಾಯಿತು. ಲೋವೆಲ್‌ನ ಪಟ್ಟಿಯಲ್ಲಿನ ಕೊಡಲಿಯನ್ನೇ ನೋಡಿ. ಕೊಡಲಿ ಎರವಲು ತಂದದ್ದು ಲೋವೆಲ್‌ಗೆ ಗೊತ್ತಾದದ್ದು ಹೇಗೆ? ‘ವಾಲ್ಡನ್’ ಓದಿ. ಇಟ್ಟಿಗೆಯ ಲೆಕ್ಕ? ‘ವಾಲ್ಡನ್’ ಓದಿ. ಆರೋಪಿ ತಾನೇ ಬರೆದುಕೊಟ್ಟ ಹೇಳಿಕೆಯನ್ನು ತನ್ನ ತನಿಖೆಯ ಫಲವೆಂದು ಮಂಡಿಸುವ ವಕೀಲನಿಗೆ ಏನೆನ್ನಬೇಕು? ಶುಲ್ಜ್ ಅವರ ಲೇಖನ ಲೋವೆಲ್‌ನದಕ್ಕಿಂತ ಎಷ್ಟೋ ಚುರುಕಾಗಿದೆ. ಆದರೂ ಪುಸ್ತಕ ತನ್ನ ಬಗ್ಗೆ ಎಷ್ಟು ಅನುಮಾನವನ್ನು ಒಳಗೇ ಇಟ್ಟುಕೊಂಡಿದೆ ಎಂಬುದನ್ನು ಅದೂ ಮುಟ್ಟುವುದಿಲ್ಲ.

ಬಾಲದಲ್ಲಿ ಸತ್ಯ ಹೇಳುವ ಈ ಕ್ರಮ ಒಗೆತಕ್ಕಷ್ಟೇ ನಿಲ್ಲುವುದಿಲ್ಲ. 1844ರ ಏಪ್ರಿಲ್‌ನಲ್ಲಿ, ಹಿಡಿದ ಮೀನು ಬೇಯಿಸಲು ಹೊತ್ತಿಸಿದ ಬೆಂಕಿ ಒಣಹುಲ್ಲಿಗೆ ತಗುಲಿ, ಥೋರೋ ಕಾಂಕರ್ಡ್‌ನ ಸುಮಾರು ಮುನ್ನೂರು ಎಕರೆ ಕಾಡನ್ನು ಸುಟ್ಟುಹಾಕಿದ್ದ. ಕಾಡು ಸುಟ್ಟವನೆಂಬ ಹೆಸರು ಊರಲ್ಲಿ ಬಹಳ ಕಾಲ ಉಳಿಯಿತು. ಮರುವರ್ಷವೇ ಆತ ಕಾಡಿಗೆ ಹೋದದ್ದು. ‘ವಾಲ್ಡನ್’ ಈ ಕಥೆ ಹೇಳುವುದಿಲ್ಲ. ಸೌದೆಯ ಮಾತು ಬಂದಾಗ, ಕಾಡಿನ ಯಾವ ಭಾಗ ಸುಟ್ಟರೂ, ತನ್ನ ಕೈಯಿಂದಲೇ ಆಕಸ್ಮಿಕವಾಗಿ ಸುಟ್ಟಿದ್ದರೂ, ಅದರ ಒಡೆಯರಿಗಿಂತ ಹೆಚ್ಚು ಕಾಲ ತಾನು ದುಃಖಪಟ್ಟೆ ಎನ್ನುತ್ತಾನೆ. ಮುನ್ನೂರು ಎಕರೆ ಒಂದು ‘ಸುಟ್ಟಿದ್ದರೂ’ ಒಳಗೆ ಅಡಗಿತು.

ಇಲ್ಲಿ ನನ್ನ ಮೆಚ್ಚುಗೆ ನಿಲ್ಲುತ್ತದೆ. ಕೊಳ ಬಿಟ್ಟದ್ದೇಕೆ ಎಂಬುದಕ್ಕೆ ಪುಸ್ತಕದ ಕೊನೆಯಲ್ಲಿ ಗಟ್ಟಿ ಉತ್ತರವಿದೆ: ಹೋದದ್ದಕ್ಕೆ ಎಷ್ಟು ಒಳ್ಳೆಯ ಕಾರಣವಿತ್ತೋ ಬಿಟ್ಟದ್ದಕ್ಕೂ ಅಷ್ಟೇ ಒಳ್ಳೆಯ ಕಾರಣವಿತ್ತು, ಬದುಕಬೇಕಾದ ಬದುಕುಗಳು ಇನ್ನೂ ಇದ್ದವು. ಆದರೆ 1852ರ ಜನವರಿಯ ದಿನಚರಿಯಲ್ಲಿ, ಪುಸ್ತಕದ ತಿದ್ದುಪಡಿ ನಡೆಯುತ್ತಿದ್ದ ಕಾಲದಲ್ಲೇ, ತಾನೇಕೆ ಕಾಡು ಬಿಟ್ಟೆನೆಂದು ಹೇಳಲಾರೆ ಎಂದು ಆತ ಬರೆದಿದ್ದಾನೆ. ಎಮರ್ಸನ್ ಉಪನ್ಯಾಸಕ್ಕೆಂದು ಯುರೋಪಿಗೆ ಹೊರಟಿದ್ದ, ಆತನ ಮನೆ ನೋಡಿಕೊಳ್ಳಲು ಥೋರೋ ಅಲ್ಲಿಗೆ ಹೋದ ಎಂಬ ಸಾದಾ ಕಾರಣವೂ ಇತ್ತು. ಅಚ್ಚಿಗೆ ಹೋದದ್ದು ಗಟ್ಟಿ ಉತ್ತರ. ನಿಜವಾದದ್ದು ದಿನಚರಿಯಲ್ಲೇ ಉಳಿಯಿತು. ಬದುಕಿನ ಆಯ್ಕೆಗಳ ಬಗ್ಗೆ ಮಾರ್ಗದರ್ಶನ ಬೇಕೆಂದು ಬಂದ ಓದುಗನಿಗೆ ಇದಕ್ಕಿಂತ ದೊಡ್ಡ ಮೋಸವಿಲ್ಲ.

ಅನುಮಾನ ಪೂರ್ತಿ ಕೈಕೊಟ್ಟ ಅಧ್ಯಾಯ ‘ಬೇಕರ್ ಫಾರ್ಮ್’. ಮಳೆಗೆ ಸಿಕ್ಕ ಥೋರೋ ಜಾನ್ ಫೀಲ್ಡ್ ಎಂಬ ಬಡ ಐರಿಷ್‌ನವನ ಜೋಪಡಿಗೆ ನುಗ್ಗುತ್ತಾನೆ. ಸೋರುವ ಸೂರು, ಹೆಂಡತಿ, ಒಂದಷ್ಟು ಮಕ್ಕಳು. ಅಲ್ಲಿ ಕುಳಿತು, ಚಹಾ, ಕಾಫಿ, ಬೆಣ್ಣೆ, ಹಾಲು, ಮಾಂಸ ಬಿಟ್ಟರೆ ಅವುಗಳಿಗಾಗಿ ದುಡಿಯುವ ಕಷ್ಟವೂ ಇಲ್ಲವೆಂದು ಉಪದೇಶ ಮಾಡುತ್ತಾನೆ. ಈ ಉಪದೇಶದ ವಾಕ್ಯಗಳಿಗೆ ಬಾಲವೇ ಇಲ್ಲ. ತನಗೆ ಮಕ್ಕಳಿಲ್ಲ, ತನ್ನ ಒಗೆತ ಬಾಕಿಯಿದೆ ಎಂಬ ಒಂದು ವಿನಾಯಿತಿಯನ್ನು ಇಲ್ಲಿ ಸೇರಿಸಿದ್ದರೆ ಅಧ್ಯಾಯ ಉಳಿಯುತ್ತಿತ್ತು.

ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿಯವರನ್ನು ಕನ್ನಡದ ಥೋರೋ ಎಂದು ಕರೆಯುವ ಚಾಳಿಯೊಂದಿದೆ. ಇದು ಇಬ್ಬರಿಗೂ ಮಾಡುವ ಅನ್ಯಾಯ. ತೇಜಸ್ವಿ ಮೂಡಿಗೆರೆಗೆ ಪ್ರಯೋಗಕ್ಕೆಂದು ಹೋದವರಲ್ಲ, ಸಂಸಾರ ಸಮೇತ ಅಲ್ಲೇ ಬಾಳಿದವರು. ಕ್ಯಾಮೆರಾ, ಕಂಪ್ಯೂಟರ್, ಕೆಟ್ಟ ಎಂಜಿನ್ ಅವರಿಗೆ ಕುತೂಹಲದ ವಸ್ತುಗಳಾಗಿದ್ದವು, ಪಾಪದ ವಸ್ತುಗಳಲ್ಲ. ಅವರ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ: ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯಿಂದ ಮನೆಯೊಳಗಿನ ಲೆಕ್ಕವೂ ನಮಗೆ ಸಿಕ್ಕಿದೆ. ಥೋರೋನ ತಾಯಿ ಸಿಂಥಿಯಾ ಅಂಥ ಪುಸ್ತಕ ಬರೆಯಲಿಲ್ಲ. ತಂಗಿ ಸೋಫಿಯಾ ಬರೆದದ್ದು ‘ವಾಲ್ಡನ್’ ಮೊದಲ ಮುದ್ರಣದ ಶೀರ್ಷಿಕೆ ಪುಟಕ್ಕೆ ಆ ಗುಡಿಸಲಿನ ಚಿತ್ರ. ಅಣ್ಣ ಸತ್ತ ಮೇಲೆ ಆತನ ಬರಹಗಳನ್ನು ಅಚ್ಚಿಗೆ ಅಣಿಮಾಡಿದವರಲ್ಲಿ ಆಕೆಯೂ ಒಬ್ಬಳು. ಬಿಲ್ಲು ಕಳಿಸದವರ ಪೈಕಿ ಆಕೆಯೂ ಇದ್ದಿರಬೇಕು.

ಹಾಗಾಗಿ ‘ವಾಲ್ಡನ್’ ಅನ್ನು ಬದುಕಿನ ಮಾದರಿಯೆಂದು ಉಡುಗೊರೆ ಕೊಡುವುದನ್ನು ನಿಲ್ಲಿಸಬೇಕು. ಒಂಟಿಯಾಗಿರುವ, ಹತ್ತಿರದಲ್ಲೇ ತವರಿರುವ, ಸ್ನೇಹಿತನ ಜಮೀನಿರುವವನಿಗಷ್ಟೇ ಸಾಗುವ ಮಾದರಿ ಅದು. ಜಮಾಖರ್ಚಿನ ಪುಸ್ತಕವಾಗಿ ಅದಕ್ಕೆ ಸಮನಾದುದು ಕಡಿಮೆ, ಅದರಲ್ಲೂ ಮೊದಲ ಅಧ್ಯಾಯ. ಫೋನು ಬಿಟ್ಟು ಮಲೆನಾಡಿಗೆ ಹೋಗುವವರು ಅದನ್ನು ಓದಿಕೊಂಡೇ ಹೋಗಲಿ. ಆದರೆ ಆ ನಾಲ್ಕು ದಿನ ಆಫೀಸಿನ ಕರೆಗೆ ಉತ್ತರಿಸಿದವರು ಯಾರು, ಮಕ್ಕಳ ಶಾಲೆಯ ಮೆಸೇಜು ನೋಡಿದವರು ಯಾರು, ಅಮ್ಮನ ಮಾತ್ರೆ ಆನ್‌ಲೈನಿನಲ್ಲಿ ತರಿಸಿದವರು ಯಾರು ಎಂಬ ಬಾಬತ್ತುಗಳನ್ನೂ ಲೆಕ್ಕದಲ್ಲಿ ಬರೆಯಲಿ. ಥೋರೋ ಆ ಬಾಕಿಯನ್ನು ಕೊನೆಗೂ ತೀರಿಸಲಿಲ್ಲ, ಆದರೆ ಬಾಕಿ ಇದೆಯೆಂದು ಬರೆದಿಟ್ಟ. ಆತನ ಹೆಸರು ಹೇಳಿಕೊಂಡು ಹೊರಡುವವರಲ್ಲಿ ಅಷ್ಟು ಪ್ರಾಮಾಣಿಕತೆಯೂ ನನಗೆ ಕಂಡಿಲ್ಲ.