ಸಾರಿನ ಉಪ್ಪು ಮತ್ತು ನ್ಯಾಯಾಲಯದ ಸುಳ್ಳು: ‘ದಿ ಕ್ರೂಸಿಬಲ್’ ನಾಟಕದ ಪಾತ್ರಪ್ರೇರಣೆಗಳು

ಆರ್ಥರ್ ಮಿಲ್ಲರ್‌ನ (1915-2005) ‘ದಿ ಕ್ರೂಸಿಬಲ್’ ನಾಟಕವು 1953ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ಬಾರಿಗೆ ರಂಗದ ಮೇಲೆ ಬಂದಿತು. 1692ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಸೇಲಂನಲ್ಲಿ ನಡೆದ ಮಾಟಗಾತಿಯರ ವಿಚಾರಣೆ ಅದರ ವಸ್ತು. ಆ ವಿಚಾರಣೆಯ ಫಲವಾಗಿ 19 ಮಂದಿ ನೇಣಿಗೇರಿದರು. ಗೈಲ್ಸ್ ಕೋರೆ ಎಂಬ ವೃದ್ಧನ ಎದೆಯ ಮೇಲೆ ಕಲ್ಲು ಹೇರಿ ಕೊಲ್ಲಲಾಯಿತು. ನಾಟಕ ರಚನೆಯಾದ ಕಾಲದಲ್ಲಿ ಅಮೆರಿಕದ ಸಂಸದೀಯ ಸಮಿತಿಗಳು ಕಮ್ಯುನಿಸ್ಟರ ಬೇಟೆಗೆ ತೊಡಗಿದ್ದವು. 1956ರಲ್ಲಿ ಮಿಲ್ಲರ್‌ನೇ ಅಂಥ ಸಮಿತಿಯ ಮುಂದೆ ನಿಂತು ಇತರರ ಹೆಸರು ಹೇಳಲು ನಿರಾಕರಿಸಿದನು. ಹೀಗಾಗಿ ವಿಮರ್ಶೆಯು ಈ ಕೃತಿಯನ್ನು ಬಹುಮಟ್ಟಿಗೆ ರಾಜಕೀಯ ರೂಪಕವಾಗಿಯೇ ಓದಿಕೊಂಡು ಬಂದಿದೆ. ಅದು ತಪ್ಪು ಓದೇನೂ ಅಲ್ಲ. ಆದರೆ ಆ ಓದಿನಲ್ಲಿ ಯಾರು, ಏಕೆ ಹಾಗೆ ನಡೆದುಕೊಂಡರು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಆ ಪ್ರಶ್ನೆಗೆ ತರಗತಿಗಳಲ್ಲಿ ದೊರೆಯುವ ಸಿದ್ಧ ಉತ್ತರವೊಂದಿದೆ: ಅಬಿಗೈಲ್ ವಿಲಿಯಮ್ಸ್‌ಳ ಮತ್ಸರ. ಜಾನ್ ಪ್ರಾಕ್ಟರ್‌ನನ್ನು ಬಯಸಿದ ಹುಡುಗಿಯೊಬ್ಬಳು ಅವನ ಹೆಂಡತಿಯನ್ನು ನೇಣಿಗೆ ಕಳುಹಿಸಲು ಇಡೀ ಊರನ್ನೇ ಸುಟ್ಟಳು ಎಂಬುದು ಈ ಉತ್ತರದ ಸಾರ. ಇತಿಹಾಸದ ಅಬಿಗೈಲಳಿಗೆ ಆಗ ಹನ್ನೊಂದೋ ಹನ್ನೆರಡೋ ವರ್ಷ. ಪ್ರಾಕ್ಟರ್‌ನಿಗೆ ಸುಮಾರು ಅರುವತ್ತು. ಮಿಲ್ಲರ್ ಅವಳನ್ನು ಹದಿನೇಳಕ್ಕೆ ಏರಿಸಿ, ಅವನನ್ನು ಮೂವತ್ತೈದರ ಆಸುಪಾಸಿಗೆ ಇಳಿಸಿದನು. ವಿಚಾರಣೆಯ ದಾಖಲೆಯಲ್ಲಿ ಅವನನ್ನು ತಡೆದು ನಿಲ್ಲಿಸಿದ ವಿವರವೊಂದಿತ್ತು: ಎಲಿಜಬೆತ್ ಪ್ರಾಕ್ಟರ್‌ಳನ್ನು ಹೊಡೆಯಲು ಅಬಿಗೈಲ್ ಎತ್ತಿದ ಕೈ, ಹತ್ತಿರ ಬರುತ್ತಲೇ ಮೆತ್ತಗಾಗಿ ಅವಳನ್ನು ಹಗುರಾಗಿ ತಾಗಿತಂತೆ. ಆ ಒಂದು ಸ್ಪರ್ಶದಿಂದ ನಾಟಕಕಾರನು ಅಕ್ರಮ ಸಂಬಂಧದ ಕಥೆಯೊಂದನ್ನು ಕಟ್ಟಿದನು. ಕಲೆಗೆ ಅಂಥ ಸ್ವಾತಂತ್ರ್ಯ ಇದ್ದೇ ಇದೆ. ಅದರ ಬೆಲೆಯನ್ನು ಯಾವ ಪಾತ್ರ ತೆತ್ತಿತು ಎಂಬುದು ಮಾತ್ರ ಕೇಳಬೇಕಾದ ಪ್ರಶ್ನೆ.

ನಾಟಕದೊಳಗೇ ನೋಡಿದರೂ ಮತ್ಸರವೊಂದೇ ಈ ಅನರ್ಥಕ್ಕೆ ಸಾಲದು. ಥಾಮಸ್ ಪುಟ್ನಮ್‌ನಿಗೆ ನೆರೆಯವರ ಭೂಮಿ ಬೇಕು. ಅವನ ಹೆಂಡತಿ ಏಳು ಹಸುಗೂಸುಗಳನ್ನು ಮಣ್ಣಿಗಿಟ್ಟವಳು. ಆ ಸಾವುಗಳಿಗೆ ಅವಳಿಗೊಂದು ಕಾರಣ ಬೇಕು. ಪಾದ್ರಿ ಪ್ಯಾರಿಸ್‌ನಿಗೆ ತನ್ನ ಪೀಠದ ಚಿಂತೆ. ಗುಲಾಮಳಾದ ಟಿಟುಬಾ ಚಾವಟಿಗೂ ನೇಣಿಗೂ ಬೆದರಿ ಸೈತಾನನನ್ನು ಕಂಡೆನೆಂದು ಒಪ್ಪುತ್ತಾಳೆ. ಇವರೆಲ್ಲರ ಅಗತ್ಯಗಳು ಕಾದು ಕುಳಿತಿರುವಲ್ಲಿ ಅಬಿಗೈಲ್ ಕಿಡಿಯಷ್ಟೇ. ಸೌದೆ ಒಟ್ಟಿದವರು ಹಿರಿಯರು.

ಆದರೆ ಮಿಲ್ಲರ್‌ನ ನಿಜವಾದ ಸೂಕ್ಷ್ಮತೆ ವ್ಯಕ್ತವಾಗುವುದು ಪ್ರಾಕ್ಟರ್ ದಂಪತಿಗಳಲ್ಲಿ. ಎರಡನೆಯ ಅಂಕದ ಆರಂಭದಲ್ಲಿ ಹೊಲದಿಂದ ಬಂದ ಜಾನ್, ಹೆಂಡತಿ ಇಲ್ಲದ ಹೊತ್ತಿನಲ್ಲಿ ಒಲೆಯ ಮೇಲಿನ ಸಾರಿನ ರುಚಿ ನೋಡುತ್ತಾನೆ, ಹಿಡಿಸುವುದಿಲ್ಲ, ತಾನೇ ಉಪ್ಪು ಬೆರೆಸುತ್ತಾನೆ. ಅನಂತರ ಊಟಕ್ಕೆ ಕುಳಿತು ಉಪ್ಪು ಹದವಾಗಿದೆಯೆಂದು ಹೊಗಳುತ್ತಾನೆ. ಅವಳ ಮುಖ ಅರಳುತ್ತದೆ. ಇಡೀ ನಾಟಕದ ಬೀಜ ಇಲ್ಲಿದೆಯೆಂದು ನನ್ನ ಅನಿಸಿಕೆ. ಪರಸ್ಪರ ಸಂತೋಷಪಡಿಸಬೇಕೆಂಬ ಆಸೆ ಇಬ್ಬರಲ್ಲೂ ಇದೆ. ನಂಬಿಕೆ ಮುರಿದಿರುವುದರಿಂದ ಆ ಆಸೆ ಸುಳ್ಳಿನ ಮೂಲಕವೇ ಹರಿಯಬೇಕಾಗಿದೆ. ಸ್ವಲ್ಪ ಹೊತ್ತಿನಲ್ಲೇ ಜಗಳ ಹುಟ್ಟಿ, ಈ ಮನೆಗೆ ಕಾಲಿಟ್ಟರೆ ನ್ಯಾಯಾಲಯಕ್ಕೆ ಬಂದಂತಾಗುತ್ತದೆಂದು ಅವನು ಸಿಡಿಯುತ್ತಾನೆ. ಅಂದರೆ ಸೇಲಂನಲ್ಲಿ ಪೀಠಗಳು ಏರ್ಪಡುವುದಕ್ಕೆ ಮೊದಲೇ ಈ ಅಡುಗೆಮನೆಯಲ್ಲಿ ವಿಚಾರಣೆ ನಡೆದಿತ್ತು.

ಈ ಸಣ್ಣ ಸುಳ್ಳಿನ ಎದುರಿಗೆ ಮೂರನೆಯ ಅಂಕದ ದೊಡ್ಡ ಸುಳ್ಳನ್ನು ಇಟ್ಟು ನೋಡಬೇಕು. ಅಬಿಗೈಲಳ ಕಪಟವನ್ನು ಬಯಲಿಗೆಳೆಯಲು ಪ್ರಾಕ್ಟರ್ ತನ್ನ ವ್ಯಭಿಚಾರವನ್ನು ತಾನೇ ಒಪ್ಪಿಕೊಂಡು, ತನ್ನ ಹೆಂಡತಿ ಎಂದೂ ಸುಳ್ಳಾಡಳೆಂದು ಅವಳನ್ನೇ ಸಾಕ್ಷಿಯಾಗಿ ಕೇಳಿಕೊಳ್ಳುತ್ತಾನೆ. ನ್ಯಾಯಾಧೀಶ ಡ್ಯಾನ್‌ಫೋರ್ತ್ ಕೇಳಿದಾಗ ಎಲಿಜಬೆತ್ ಗಂಡನ ಮಾನ ಉಳಿಸಲು ಅಲ್ಲವೆನ್ನುತ್ತಾಳೆ. ಬದುಕಿನಲ್ಲಿ ಮೊದಲ ಸಲ ಅವಳು ಗಂಡನ ಮೇಲೆ ತೀರ್ಪು ಕೊಡದೆ ಉಳಿದ ಗಳಿಗೆ ಅದು; ಅದೇ ಅವನನ್ನು ಕೊಲ್ಲುತ್ತದೆ. ಕೊನೆಯ ಅಂಕದಲ್ಲಿ ಅವಳು ತನ್ನ ತಣ್ಣನೆಯ ದಾಂಪತ್ಯಕ್ಕೂ ಪಾಲು ಹೊರಿಸಿಕೊಳ್ಳುತ್ತಾಳೆ. ಸುಳ್ಳು ತಪ್ಪೊಪ್ಪಿಗೆ ಕೊಡಿಸಿ ಗಂಡನ ಜೀವ ಉಳಿಸೆಂದು ಪಾದ್ರಿ ಹೇಲ್ ಅಂಗಲಾಚಿದರೂ, ಮಾಡು ಎಂದಾಗಲಿ ಬೇಡವೆಂದಾಗಲಿ ಜಾನ್‌ನಿಗೆ ಹೇಳುವುದಿಲ್ಲ. ಅವನು ರುಜು ಹಾಕಿದ ಕಾಗದವನ್ನು ಹರಿದುಹಾಕುವುದು ತನ್ನ ಹೆಸರಿಗಾಗಿ, ನಿಜ. ತೀರ್ಪುಗಾರ್ತಿಯಿಲ್ಲದ ಮನೆಯೊಂದು ಕೊನೆಗೂ ದೊರೆತುದರಿಂದ ಎಂಬುದೂ ಅಷ್ಟೇ ನಿಜ.

ಈ ಔದಾರ್ಯ ಅಬಿಗೈಲಳಿಗೆ ದೊರೆಯುವುದಿಲ್ಲ. ತಂದೆತಾಯಿಯರ ಕೊಲೆಯನ್ನು ಪಕ್ಕದ ದಿಂಬಿನಲ್ಲೇ ಕಂಡ ಅನಾಥೆ ಅವಳೆಂಬ ಮಾತು ಮೊದಲ ಅಂಕದಲ್ಲಿದೆ. ಆದರೆ ಅದು ಇತರ ಹುಡುಗಿಯರನ್ನು ಹೆದರಿಸಲು ಅವಳೇ ಬಳಸುವ ಅಸ್ತ್ರವಾಗಿ ಮುಗಿಯುತ್ತದೆ. ಮನೆಯ ಯಜಮಾನನಿಗೆ ಆಳುಹುಡುಗಿಯ ಬಗ್ಗೆ ಇರಬೇಕಾದ ಹೊಣೆಯ ವಿಚಾರವನ್ನು ನಾಟಕ ಎತ್ತುವುದೇ ಇಲ್ಲ. ಪ್ರಾಕ್ಟರ್‌ನ ಪಶ್ಚಾತ್ತಾಪವೆಲ್ಲ ಹೆಂಡತಿಗೆ ಮತ್ತು ದೇವರಿಗೆ ಸಂದದ್ದು. ಮಿಲ್ಲರ್ ಆಮೇಲೆ ಸೇರಿಸಿ, ಬಳಿಕ ಅನುಬಂಧಕ್ಕೆ ಸರಿಸಿದ ಕಾಡಿನ ದೃಶ್ಯವೊಂದರಲ್ಲಿ ಅವಳು ತನ್ನ ಮೈಮೇಲಿನ ಗಾಯಗಳನ್ನು ತಾನೇ ನಂಬುವ ಭ್ರಾಂತಿಯ ಸ್ಥಿತಿಯಲ್ಲಿ ಕಾಣಿಸುತ್ತಾಳೆ. ನಾಟಕದ ಓಟಕ್ಕೆ ಅದು ತೊಡಕೆಂಬುದನ್ನು ಒಪ್ಪಬಹುದು. ಆದರೆ ಅದನ್ನು ತೆಗೆದಮೇಲೆ ಅವಳಿಗೆ ಉಳಿಯುವುದು, ಸೋದರಮಾವನ ಹಣ ಕದ್ದು ಹಡಗು ಹತ್ತಿದಳೆಂಬ ಸುದ್ದಿ ಮಾತ್ರ. ಮುದ್ರಿತ ಪಠ್ಯದ ಕೊನೆಯ ಟಿಪ್ಪಣಿಯಲ್ಲಿ ಮಿಲ್ಲರ್, ಎಲಿಜಬೆತ್ ನಾಲ್ಕು ವರ್ಷಗಳ ಬಳಿಕ ಮರುಮದುವೆಯಾದಳೆಂದು ದಾಖಲಿಸುತ್ತಾನೆ. ಅಬಿಗೈಲಳು ಬಾಸ್ಟನ್ ನಗರದಲ್ಲಿ ವೇಶ್ಯೆಯಾದಳೆಂಬ ದಂತಕಥೆಯನ್ನೂ ಅಲ್ಲಿಯೇ ಸೇರಿಸುತ್ತಾನೆ. ಒಬ್ಬಳಿಗೆ ದಾಖಲೆ, ಇನ್ನೊಬ್ಬಳಿಗೆ ಊರಿನ ಬಾಯಿಮಾತು.